ಕೆಮ್ಮಿಗೇಕೆ ನಾಚಿಕೆ?

ಕ್ಷಯದ ಮಾತು ಬಂದರೆ ನಮ್ಮ ಡಾಬಕಾದ ಹಿರಿಯರು ದನಿ ತಗ್ಗಿಸುತ್ತಿದ್ದರು. 'ಆ ಬ್ಯಾನಿ' ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು. ನಮ್ಮ ಕಾಕಾ ಅವರಿಗೆ ಅದು ಬಂದಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ತಿಂಗಳುಗಟ್ಟಲೆ ಕೆಮ್ಮಿದರು. ಹೋದ ಕಡೆಯೆಲ್ಲ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದರೇ ಹೊರತು ಕಫ ಪರೀಕ್ಷೆ ಮಾಡಿಸಿ ಎಂದವರಿಲ್ಲ.

ಇದು ಅವರೊಬ್ಬರ ಕಥೆಯಲ್ಲ ಎಂಬುದು ಮುಂದೆ ಓದಿದಾಗ ತಿಳಿಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳ ಅಧ್ಯಯನ ನಡೆಸಿದರು. ಹಳ್ಳಿಯವರು ರೋಗ ಮುಚ್ಚಿಡುತ್ತಾರೆಂಬುದು ಪಟ್ಟಣದವರ ನಂಬಿಕೆ. ಕಂಡದ್ದೇ ಬೇರೆ: ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು! ಮನೆಯಲ್ಲಿದ್ದೇ ಔಷಧಿ ತೆಗೆದುಕೊಂಡವರೂ ಸ್ಯಾನಿಟೋರಿಯಂ ಸೇರಿದವರಷ್ಟೇ ಗುಣವಾಗುತ್ತಾರೆಂದು ಮದರಾಸಿನ ಅಧ್ಯಯನವೊಂದು 1959ರಲ್ಲೇ ತೋರಿಸಿತ್ತು. ಈ ಎರಡು ಸತ್ಯಗಳ ಮೇಲೆ 1962ರ ರಾಷ್ಟ್ರೀಯ ಕಾರ್ಯಕ್ರಮ ನಿಂತಿತು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಮನೆಯಲ್ಲೇ ಪುಕ್ಕಟೆ ಔಷಧಿ.

ಕಾಕಾ ಅವರಿಗೂ ಕೊನೆಗೆ ಔಷಧಿ ಸಿಕ್ಕಿತು. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ಹೈದರಾಬಾದಿಗೆ ಕೂಲಿಗೆ ಹೋದರು, ಔಷಧಿ ಅಲ್ಲಿಗೇ ನಿಂತಿತು. ಮರುವರ್ಷ ರೋಗ ತಿರುಗಿ ಬಂತು; ಅವರು ಉಳಿಯಲಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತಾಗಬಹುದು. ದೇಶದ ಕಾರ್ಯಕ್ರಮ ಎಡವಿದ್ದೂ ಇಲ್ಲೇ. ಅದಕ್ಕೆಂದೇ ಕಾರ್ಯಕರ್ತರ ಕಣ್ಣೆದುರು ಗುಳಿಗೆ ನುಂಗಿಸುವ ಪದ್ಧತಿಯ ಹೊಸ ಕಾರ್ಯಕ್ರಮ 1997ರಲ್ಲಿ ಆರಂಭವಾಗಿ, 2006ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು.

ಹಸಿದ ಹೊಟ್ಟೆಗೆ ಔಷಧಿ ಹಿಡಿಯುವುದಿಲ್ಲ. ಆದ್ದರಿಂದ 2018ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಕೊಡತೊಡಗಿದರು. 2024ರ ನವೆಂಬರ್‌ನಿಂದ ಅದು 1000 ಆಯಿತು. 2025ರೊಳಗೆ ಕ್ಷಯ ತೊಲಗಿಸುವ ಗುರಿ ಮಾತ್ರ ಕೈಗೂಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನರಲ್ಲಿ 237 ಮಂದಿಗೆ ಹೊಸದಾಗಿ ಕ್ಷಯ ಬರುತ್ತಿತ್ತು, 2024ರಲ್ಲಿ 187. ರೋಗ ಇಳಿದಿದೆ, ಅಳಿದಿಲ್ಲ.

ಇನ್ನು ಮುಂದಿನ ಕೆಲಸ ಮನೆಯೊಳಗಿನದು. ಹಾಸ್ಟೆಲಿನಲ್ಲಿರುವ ಮಗಳು ಎರಡು ವಾರ ಕೆಮ್ಮಿದರೆ, 'ನಾಳೆ ಲಗ್ನಕ್ಕೆ ತೊಡಕಾದೀತು' ಎಂದು ಮುಚ್ಚಿಡುವ ತಾಯಿತಂದೆ ಇಂದಿಗೂ ಇದ್ದಾರೆ. ಅವಳ ತಾಟು, ಲೋಟ ಬೇರೆ ಇಡಬೇಕಿಲ್ಲ. ರೋಗ ಹರಡುವುದು ಗಾಳಿಯಿಂದ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ವಿದ್ಯಾರ್ಥಿಗಳೇ, ಕೆಮ್ಮುವ ಗೆಳೆಯನನ್ನು ದೂರವಿಡಬೇಡಿ. ಕೈಹಿಡಿದು ಕಫ ಪರೀಕ್ಷೆಗೆ ಕರೆದೊಯ್ಯಿರಿ.