ಟಕ್ ಎನ್ನದ ಏಸಿ

ಕಾರಿನ ಏಸಿ ಬರೀ ಶೋಕಿ ಎನ್ನುವವರು ಏಪ್ರಿಲ್ ಬಿಸಿಲಿನಲ್ಲಿ ಉಬ್ಬಸದ ಅತ್ತೆಯನ್ನು ಚಿನಕುರಳಿಯಿಂದ ಮೈಸೂರಿಗೆ ಕರೆದೊಯ್ದು ನೋಡಬೇಕು. ಕಿಟಕಿ ತೆರೆದರೆ ಲಾರಿಗಳ ಧೂಳು, ಮುಚ್ಚಿದರೆ ಬೇಗೆ. ನಮ್ಮ ಏಸಿ ಕೈಕೊಟ್ಟಿದ್ದು ಅಂಥ ದಿನಗಳಲ್ಲೇ.

“ಕಂಪ್ರೆಸರ್ ಹೋಗಿದೆ, ಹೊಸದೇ ಹಾಕಬೇಕು” ಎಂದರು ಮೊದಲ ಗ್ಯಾರೇಜಿನವರು, ಬಾನೆಟ್ ಎತ್ತಿದ ಎರಡೇ ನಿಮಿಷಕ್ಕೆ. ಅವರು ಹೇಳಿದ ಮೊತ್ತ ಅತ್ತೆಯ ಆರು ತಿಂಗಳ ಔಷಧಿಗೆ ಸಾಲುತ್ತಿತ್ತು.

ಪಾಂಡವಪುರದ ಹಿರಿಯ ಮೆಕ್ಯಾನಿಕ್ ಮೊದಲು ಕಿವಿಗೊಟ್ಟು ಕೇಳಿದರು. “ಮೇಡಂ, ಏಸಿ ಹಾಕಿದ್ರೆ ಟಕ್ ಅನ್ಬೇಕು, ಕಂಪ್ರೆಸರ್ ಕ್ಲಚ್ ಹಿಡಿಯೋ ಸದ್ದು ಅದು. ಗ್ಯಾಸ್ ಕಮ್ಮಿಯಾದ್ರೆ ಸ್ವಿಚ್ಚೇ ಅದನ್ನ ತಡೀತದೆ” ಎಂದು ಗೇಜು ಹಾಕಿದರು. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ. ಪೈಪು ಕೂಡುವಲ್ಲಿ ಎಣ್ಣೆಜಿಡ್ಡು ಕಂಡಿತು, ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಎದ್ದವು. ಸವೆದ ರಬ್ಬರ್ ಉಂಗುರ ಬದಲಿಸಿ, ಒಳಗಿನ ಗಾಳಿ, ತೇವವನ್ನೆಲ್ಲ ಪಂಪಿನಿಂದ ಹೊರಗೆಳೆದು, ಅಳತೆಯಂತೆ ಆರ್-134ಎ ಗ್ಯಾಸ್ ತುಂಬಿದರು. ಹಳೆಯ ಕಂಪ್ರೆಸರೇ ಟಕ್ ಎಂದಿತು.

ಮಿಕ್ಸಿ ನಿಂತರೆ ನಾವು ಮೊದಲು ಪ್ಲಗ್ಗು ನೋಡುತ್ತೇವೆ, ಆಮೇಲೆ ಅಂಗಡಿಗೆ ಹೋಗುತ್ತೇವೆ. ಬಾನೆಟ್ಟಿನ ಮುಂದೆಯೂ ಅದೇ ಬುದ್ಧಿ ಸಾಕು. “ಗ್ಯಾಸ್ ಎಷ್ಟಿದೆ, ಎಲ್ಲಿ ಸೋರಿದೆ, ತೋರಿಸಿ” ಎಂದು ಕೇಳಲು ಗಂಡಸರೇ ಆಗಬೇಕಿಲ್ಲ.