ಪಡಸಾಲೆಯ ಕರಿ ಚೇಳು

ನಮ್ಮ ಮನೆಯಲ್ಲಿ ಚೇಳು ಸಾಕಿದ್ದೇವೆ ಎಂದು ಗೊತ್ತಾದವರು ಮೊದಲು ನಗುತ್ತಾರೆ. ತಮಾಷೆಯಲ್ಲ ಎಂದು ತಿಳಿದ ಮೇಲೆ ನಿಧಾನವಾಗಿ ಎರಡೂ ಕಾಲುಗಳನ್ನು ಸೋಫಾದ ಮೇಲೆ ಎತ್ತಿಟ್ಟುಕೊಳ್ಳುತ್ತಾರೆ. ಆಮೇಲೆ ಪ್ರಶ್ನೆಗಳು ಶುರು. ಕಡಿಯೋಲ್ವಾ? ಏನು ಹಾಕ್ತೀರಿ? ತಪ್ಪಿಸಿಕೊಂಡರೆ? ಹಿರಿಯರಾದರೆ ‘ಚೇಳಿಗೆ ಪಾರುಪತ್ಯ ಕೊಟ್ಟ ಹಾಗಾಯ್ತಲ್ಲಮ್ಮ’ ಎಂದು ಗಾದೆಯನ್ನೂ ಸೇರಿಸುತ್ತಾರೆ. ನಾಲ್ಕು ವರ್ಷಗಳಿಂದ ಉತ್ತರ ಹೇಳಿ ಹೇಳಿ ನನಗೆ ಅಭ್ಯಾಸವಾಗಿದೆ. ಆದರೆ ‘ನಿಮ್ಮ ಅಮ್ಮ ಇದಕ್ಕೆ ಹೇಗೆ ಒಪ್ಪಿದರು?’ ಎಂಬ ಪ್ರಶ್ನೆಗೆ ಮಾತ್ರ ಒಂದು ಸಾಲಿನ ಉತ್ತರ ಸಾಲುವುದಿಲ್ಲ.

ಚೇಳನ್ನು ತಂದವನು ನನ್ನ ತಂಗಿಯ ಮಗ. ಆಗ ಅವನು ಪ್ರಾಣಿಶಾಸ್ತ್ರ ಓದಲೆಂದು ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲೇ ಇದ್ದ. ನಂಜನಗೂಡು ರಸ್ತೆಯ ಆಚೆ ಹೊಸದೊಂದು ಬಡಾವಣೆಯಲ್ಲಿ ಸ್ನೇಹಿತನ ಮನೆಗೆ ಪಾಯ ತೋಡುತ್ತಿದ್ದರು. ಚಾಮುಂಡಿ ಬೆಟ್ಟದ ಸುತ್ತಿನ ಆ ಕಲ್ಲುನೆಲದಲ್ಲಿ, ಮುಂಗಾರಿಗೆ ಮುಂಚಿನ ಎರಡು ಮಳೆ ಬಿದ್ದರೆ ಸಾಕು, ಕರಿ ಚೇಳುಗಳು ಬಿಲದಿಂದ ಹೊರಬರುತ್ತವೆ. ಗುದ್ದಲಿಯ ಏಟಿಗೆ ಒಂದು ಚೇಳಿನ ಎಡ ಇಕ್ಕುಳ ತುಂಡಾಗಿತ್ತು. ಕೆಲಸದವನು ಚಪ್ಪಲಿ ಎತ್ತಿದ್ದ. ನಮ್ಮ ಹುಡುಗ ಅದನ್ನು ಖಾಲಿ ಪೇಂಟ್ ಡಬ್ಬಿಗೆ ಸರಿಸಿಕೊಂಡು ಸ್ಕೂಟರಿನಲ್ಲಿ ಮನೆಗೆ ತಂದ. ‘ದೊಡ್ಡಮ್ಮ, ಇದು ದೊಡ್ಡ ಚೇಳು, ಇನ್ನು ಪೊರೆ ಬಿಡಲ್ಲ. ಪೊರೆ ಬಿಡದಿದ್ದರೆ ಇಕ್ಕುಳ ಮತ್ತೆ ಬೆಳೆಯಲ್ಲ. ಒಂದೇ ಕೈಯಲ್ಲಿ ಬಿಲ ತೋಡಿ, ಬೇಟೆ ಹಿಡಿದು ಬದುಕೋದು ಕಷ್ಟ’ ಎಂದ. ಅಮ್ಮ ಡಬ್ಬಿಯೊಳಗೆ ಇಣುಕಿದರು. ಏನೂ ಮಾತಾಡದೆ ದೇವರಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಎರಡು ದಿನ ಮೊಮ್ಮಗನ ಜೊತೆ ಮಾತು ಬಿಟ್ಟರು.

ಸಾಕುವುದಕ್ಕೆ ಬೇಕಾದದ್ದು ಬಹಳ ಕಡಿಮೆ. ಹಳೆಯ ಮೀನಿನ ತೊಟ್ಟಿ, ಅದರೊಳಗೆ ತೆಂಗಿನ ನಾರಿನ ಪುಡಿ ಮತ್ತು ಕೆಮ್ಮಣ್ಣು ಬೆರೆಸಿ 6 ಇಂಚು, ಅಡಗಿಕೊಳ್ಳಲು ಒಂದು ಒಡೆದ ಹೆಂಚು, ನೀರಿಗೆ ಒಂದು ಚಪ್ಪಟೆ ಬಟ್ಟಲು. ಬಟ್ಟಲಲ್ಲಿ ನಾಲ್ಕು ಕಲ್ಲು ಇರಲೇಬೇಕು, ಹುಳುಗಳು ಮುಳುಗಿ ಸತ್ತು ನೀರು ಕೆಡದಿರಲಿ ಎಂದು. ಮೇಲೆ ಸಣ್ಣ ಕಣ್ಣಿನ ತಂತಿ ಬಲೆಯ ಮುಚ್ಚಳ, ಅದಕ್ಕೊಂದು ಬೀಗ. ಬೀಗದ ಕೈ ಅಮ್ಮನ ಬಳಿಯೇ ಇರಬೇಕೆಂಬುದು ಅವರ ಷರತ್ತು. ತೊಟ್ಟಿ ಇಟ್ಟ ಮೇಜಿನ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟೆವು. ಹಳೆಯ ಅಡುಗೆಮನೆಗಳಲ್ಲಿ ಹಾಲು ಬೆಣ್ಣೆಯ ಬೀರುವಿಗೆ ಇರುವೆ ಹತ್ತದಿರಲಿ ಎಂದು ಮಾಡುತ್ತಿದ್ದ ಉಪಾಯವೇ ಇದು. ಗಾಯಗೊಂಡ ಚೇಳಿಗೆ ಇರುವೆಗಿಂತ ದೊಡ್ಡ ಶತ್ರುವಿಲ್ಲ.

ಮೊದಲ ವರ್ಷ ನಮ್ಮ ಚಿಂತೆಗಳೆಲ್ಲ ಊಟದ ಸುತ್ತಲೇ. ಹತ್ತು ದಿನಕ್ಕೊಂದು ಚಿಮ್ಮಂಡೆ ಇಲ್ಲವೇ ಜಿರಳೆ ಸಾಕು. ಆದರೆ ಎಲ್ಲಿಂದಲೋ ಹಿಡಿದ ಜಿರಳೆ ಆಗದು. ಯಾರ ಮನೆಯಲ್ಲೋ ಔಷಧಿ ಹೊಡೆದು ಅರೆಜೀವವಾಗಿ ಬಂದದ್ದಾದರೆ ಚೇಳೂ ಸಾಯುತ್ತದೆ. ಹಾಗಾಗಿ ಹುಡುಗ ಚಿಮ್ಮಂಡೆಗಳನ್ನು ಇನ್ನೊಂದು ಡಬ್ಬಿಯಲ್ಲಿ ಕ್ಯಾರೆಟ್ ಹಾಕಿ ಬೆಳೆಸಿದ. ಎರಡು ಇಕ್ಕುಳವಿದ್ದರೆ ಬೇಟೆಯನ್ನು ಹಿಡಿದು ಹಿಸುಕುತ್ತಿತ್ತು. ಒಂದೇ ಇರುವುದರಿಂದ ಚಿಮ್ಮಂಡೆಯ ಹಿಂಗಾಲು ಮುರಿದು ಉದ್ದನೆಯ ಚಿಮಟದಲ್ಲಿ ಬಾಯಿಯ ಹತ್ತಿರ ಹಿಡಿಯಬೇಕು. ಡಿಸೆಂಬರ್ ಚಳಿಯಲ್ಲಿ ಎರಡು ತಿಂಗಳು ಏನೂ ಮುಟ್ಟಲಿಲ್ಲ. ಸತ್ತೇಹೋಯಿತೇನೋ ಎಂದುಕೊಂಡೆ. ‘ಸುಮ್ನಿರಿ ದೊಡ್ಡಮ್ಮ, ಚೇಳಿಗೆ ಉಪವಾಸ ಹೊಸದಲ್ಲ, ನೀರು ಮಾತ್ರ ತಪ್ಪಬಾರದು’ ಎಂದ ಹುಡುಗ. ಶಿವರಾತ್ರಿ ಕಳೆದು ಸೆಕೆ ಶುರುವಾದ ಮೇಲೆ ಅದೇ ಹೊರಗೆ ಬಂದು ತಿಂದಿತು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ತೇವ ಹೆಚ್ಚಾಗಿ ಮಣ್ಣಿನ ಮೇಲೆ ಬೂಷ್ಟು, ಅದರ ಬೆನ್ನಿಗೇ ಸೂಜಿಮೊನೆಯಷ್ಟು ಬಿಳಿ ನುಸಿ. ನುಸಿ ಚೇಳಿನ ಕೀಲುಗಳಿಗೆ ಹತ್ತಿಕೊಂಡರೆ ಕಷ್ಟ. ಉಳಿದ ಎಂಜಲನ್ನು ಮಾರನೆಯ ಬೆಳಗ್ಗೆಯೇ ತೆಗೆಯಬೇಕು, ಒಂದು ಮೂಲೆ ಒದ್ದೆ, ಒಂದು ಮೂಲೆ ಒಣ ಇರುವಂತೆ ನೋಡಿಕೊಳ್ಳಬೇಕು. ಎಲ್ಲಿ ಇರಬೇಕೆಂದು ಚೇಳೇ ಆರಿಸಿಕೊಳ್ಳುತ್ತದೆ. ಸೊಳ್ಳೆಬತ್ತಿ, ಜಿರಳೆ ಸ್ಪ್ರೇ, ಫಿನಾಯಿಲ್ ಪಡಸಾಲೆಯಲ್ಲಿ ನಿಂತುಹೋದವು. ಶುಕ್ರವಾರದ ಸಾಂಬ್ರಾಣಿ ಹೊಗೆ ಮಾತ್ರ ದೇವರಕೋಣೆಯ ಬಾಗಿಲು ದಾಟದಂತೆ ಒಪ್ಪಂದವಾಯಿತು. ಚೇಳಿಗೆ ಕಣ್ಣು ಮಂದ. ಕಾಲುಗಳಲ್ಲಿ ನೆಲದ ನಡುಕ ಗ್ರಹಿಸಿಯೇ ಅದು ಲೋಕವನ್ನು ತಿಳಿಯುವುದು. ದೀಪಾವಳಿಯ ಮೂರು ದಿನವೂ ಹೆಂಚಿನಡಿಯಿಂದ ಅದು ಅಲುಗಲಿಲ್ಲ.

ಇದೆಲ್ಲದರ ಮೇಲೆ ಒಂದು ನಿಯಮ: ಕೈಯಲ್ಲಿ ಮುಟ್ಟುವಂತಿಲ್ಲ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯ ದಿನ ಜನ ಚೇಳುಗಳನ್ನು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅದು ಕೊಂಡಮ್ಮ ದೇವಿಯ ಮೇಲಿನ ಅವರ ನಂಬಿಕೆ, ವರ್ಷಕ್ಕೊಂದು ದಿನದ್ದು. ದಿನವೂ ಜೊತೆಗಿರುವವರಿಗೆ ಆ ಸಲಿಗೆ ಸಲ್ಲದು. ನಾಯಿಯಂತೆ ಚೇಳು ಸವರುವ ಕೈಗೆ ಒಲಿಯುವುದಿಲ್ಲ. ಕೈ ಅದಕ್ಕೆ ಬೆಚ್ಚಗಿನ ಒಂದು ಅಪಾಯ ಅಷ್ಟೆ. ಅದನ್ನು ನೋಡಬೇಕೆಂದರೆ ರಾತ್ರಿ ದೀಪ ಆರಿಸಿ, ಖೋಟಾ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಒಂದು ನಿಮಿಷ ಬಿಡುತ್ತೇವೆ. ಕಪ್ಪು ಮೈ ಹಸಿರುನೀಲಿಯಾಗಿ ಹೊಳೆಯುತ್ತದೆ. ಅಷ್ಟು ಸಾಕು. ಚೇಳು ಸಾಕುವ ಕಷ್ಟವೆಲ್ಲ ಸುಮ್ಮನಿರಲು ಕಲಿಯುವುದರಲ್ಲಿದೆ ಎಂದು ನನಗೆ ಅನ್ನಿಸಿದ್ದು ಹೀಗೆ.

ಅಮ್ಮ ಮಾತ್ರ ಆ ಮೇಜಿನಿಂದ ಐದು ಅಡಿ ದೂರದಲ್ಲೇ ಓಡಾಡುತ್ತಿದ್ದರು. ಕಾರಣ ನನಗೆ ಅರ್ಧ ಗೊತ್ತಿತ್ತು. 1957ರಲ್ಲಿ ಎಚ್.ಡಿ. ಕೋಟೆ ಕಡೆಯ ಅವರ ಹಳ್ಳಿಯಲ್ಲಿ ನಾಲ್ಕು ವರ್ಷದ ತಮ್ಮ ಬೆರಣಿ ರಾಶಿಗೆ ಕೈ ಹಾಕಿದ್ದ. ಚೇಳು ಹೊಡೆಯಿತು. ಮಂತ್ರ ಹಾಕುವವರು ಬಂದರು, ಬೆಳಗಾಗುವಷ್ಟರಲ್ಲಿ ಹುಡುಗ ಹೋಗಿಬಿಟ್ಟ. ಇನ್ನರ್ಧ ಗೊತ್ತಾದದ್ದು, ಮೊಮ್ಮಗ ಒಂದು ಸಂಜೆ ಮಹಾರಾಷ್ಟ್ರದ ಡಾಕ್ಟರೊಬ್ಬರ ಬಗ್ಗೆ ಓದಿ ಹೇಳಿದಾಗ.

ಕೊಂಕಣದ ಮಹಾಡ್ ಎಂಬ ಸಣ್ಣ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಕೆಂಪು ಚೇಳು ಹೊಡೆದವರ ಪಕ್ಕದಲ್ಲಿ ರಾತ್ರಿಯಿಡೀ ಕೂತು ಬರೆದಿಟ್ಟುಕೊಂಡ ಲಕ್ಷಣಗಳು 1982ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದವು. ಮೈಯೆಲ್ಲ ಬೆವರು, ವಾಂತಿ, ತಣ್ಣಗಾಗುವ ಕೈಕಾಲು. ಆಮೇಲೆ ರಕ್ತದ ಒತ್ತಡ ಏರಿ, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಿ ಸಾವು. ಮುಂದೆ ಅವರು ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಜೋಸಿನ್ ಎಂಬ ಮಾತ್ರೆಯನ್ನೇ ಇದಕ್ಕೆ ಕೊಟ್ಟು ಅನೇಕ ಜೀವ ಉಳಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಓದು ಮುಗಿಯುವ ಮೊದಲೇ ಅಮ್ಮ, ‘ಹೌದು, ಹಾಗೇ. ಮೈಯೆಲ್ಲ ಬೆವರು, ಕಾಲು ಮಾತ್ರ ಮಂಜಿನ ಹಾಗೆ ತಣ್ಣಗೆ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ನೀರಿನಿಂದ ಆಗಲ್ವೇನೋ?’ ಎಂದು ಕೇಳಿದರು.

‘ಯಾವ ನೀರಜ್ಜಿ?’

ತಮ್ಮ ಬಾಯಾರಿಕೆ ಎಂದು ಅತ್ತಾಗ ಹನ್ನೊಂದು ವರ್ಷದ ಅಮ್ಮ ಅವನಿಗೆ ಒಂದು ಲೋಟ ನೀರು ಕುಡಿಸಿದ್ದರಂತೆ. ಮಂತ್ರ ಹಾಕುವವರು ಬರುವ ಮುಂಚೆ ನೀರು ಕೊಟ್ಟಿದ್ದರಿಂದಲೇ ವಿಷ ಏರಿತು ಎಂದು ಯಾರೋ ಹಿರಿಯರು ಹೇಳಿದರಂತೆ. ಅದನ್ನು ಅವರು ಅಪ್ಪನಿಗೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಹುಡುಗ ಅವರ ಪಕ್ಕ ನೆಲದ ಮೇಲೆ ಕೂತ. ‘ಇಲ್ಲಜ್ಜಿ, ನೀರಿಗೂ ವಿಷಕ್ಕೂ ಸಂಬಂಧವೇ ಇಲ್ಲ. ಆ ಮಾತ್ರೆ ಆಗ ಯಾರ ಹತ್ರಾನೂ ಇರಲಿಲ್ಲ, ಅಷ್ಟೆ’ ಎಂದ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ‘ಅದು ಕೆಂಪಗಿತ್ತು ಕಣೋ, ಇಷ್ಟು ದಪ್ಪ ಇರಲಿಲ್ಲ’ ಎಂದರು.

ವ್ಯತ್ಯಾಸ ಅಲ್ಲಿಯೇ ಇದೆ. ಕೆಂಪು ಚೇಳಿನದು ಸಪೂರ ಇಕ್ಕುಳ, ದಪ್ಪ ಬಾಲ. ಅದು ಕೊಂಡಿಯನ್ನೇ ನಂಬಿ ಬದುಕುವಂಥದ್ದು. ದಪ್ಪ ಇಕ್ಕುಳದ ನಮ್ಮ ದೊಡ್ಡ ಕರಿ ಚೇಳು ತೋಳ್ಬಲವನ್ನು ನಂಬಿದ್ದು. ಅದರ ಕುಟುಕು ಉರಿಯುತ್ತದೆ, ಬಾಯುತ್ತದೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಹಾಗೆಂದು ಯಾವ ಚೇಳು ಹೊಡೆದರೂ, ಅದರಲ್ಲೂ ಮಕ್ಕಳಿಗೆ ಹೊಡೆದರೆ, ಬಣ್ಣ ನೋಡುತ್ತ ಕೂರದೆ ನೇರ ಆಸ್ಪತ್ರೆಗೆ ಓಡಬೇಕು.

ಆ ವರ್ಷ ಶ್ರಾವಣದಲ್ಲಿ ಚೇಳು ಮರಿ ಹಾಕಿತು. ಬಸುರಾಗಿಯೇ ಬಂದಿತ್ತು. ಚೇಳಿನ ಮರಿಗಳು ತಾಯಿಯ ಹೊಟ್ಟೆ ಒಡೆದು ಬರುತ್ತವೆ ಎಂದು ಅಮ್ಮ ಕೇಳುತ್ತ ಬೆಳೆದವರು. ಇಲ್ಲಿ ಹದಿನೆಂಟು ಬಿಳಿ ಮರಿಗಳು ಅನ್ನದ ಅಗುಳಿನಂತೆ ತಾಯಿಯ ಬೆನ್ನೇರಿ ಕೂತಿದ್ದವು, ತಾಯಿ ಆರಾಮಾಗಿತ್ತು. ಈ ಹೊತ್ತಿನಲ್ಲಿ ಗಾಬರಿಯಾದರೆ ತಾಯಿ ಮರಿಗಳನ್ನೇ ತಿನ್ನುವುದುಂಟು ಎಂದು ಹುಡುಗ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿದ. ಪಡಸಾಲೆಯಲ್ಲಿ ಟೀವಿ ಬಂದ್ ಮಾಡಿಸಿದವರು ಅಮ್ಮ. ‘ಬಾಣಂತಿ ಕಣೇ ಅವಳು, ಗಲಾಟೆ ಬೇಡ’ ಎಂದರು. ಅಲ್ಲಿಯವರೆಗೆ ಚೇಳು ಅವರ ಬಾಯಲ್ಲಿ ‘ಅದು’ ಆಗಿತ್ತು.

ಮರಿಗಳು ಮೊದಲ ಪೊರೆ ಬಿಟ್ಟು, ಕಪ್ಪೇರಿ, ಬೆನ್ನಿಳಿದ ಮೇಲೆ ಅವನ್ನು ತಾಯಿ ಸಿಕ್ಕಿದ ಜಾಗದ ಬೇಲಿಯಂಚಿನ ಕಲ್ಲುಗಳ ನಡುವೆ ಬಿಟ್ಟುಬಂದೆವು. ಅವು ಅಲ್ಲಿಯವೇ, ಅಲ್ಲಿಯೇ ಇರಬೇಕಾದವು. ಕಳೆದ ಯುಗಾದಿಯ ಹೊತ್ತಿಗೆ ಆ ಕಡೆ ಹೋದಾಗ ಬೇಲಿಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. ನಿವೇಶನಗಳನ್ನು ಅಳೆದು ಗೂಟ ನೆಟ್ಟಿದ್ದರು. ಹದಿನೆಂಟರಲ್ಲಿ ಎಷ್ಟು ಬೆಟ್ಟದ ಕಡೆ ಸರಿದವೋ ಹೇಳಲು ಬರುವುದಿಲ್ಲ. ಅಮ್ಮನಿಗೆ ನಾನು ಇದನ್ನು ಹೇಳಿದಾಗ ಅವರು ಕೋಲಾರಮ್ಮನ ಗುಡಿಯ ಚೇಳಮ್ಮನನ್ನು ನೆನೆದರು. ಚೇಳಿನಿಂದ ನಮ್ಮನ್ನು ಕಾಪಾಡು ಎಂದು ಹರಕೆ ಹೊತ್ತು ಹುಂಡಿಗೆ ಕಾಸು ಹಾಕುವ ದೇವಿ. ‘ನಮ್ಮಿಂದ ಅವನ್ನ ಕಾಯೋಕೂ ಒಬ್ಬಳು ಬೇಕಲ್ಲೇ’ ಎಂದರು.

ಹುಡುಗನಿಗೆ ಈಗ ಪುಣೆಯಲ್ಲಿ ಕೆಲಸ. ಚೇಳು ನಮ್ಮಿಬ್ಬರ ಪಾಲಿಗೆ ಉಳಿದಿದೆ. ಈ ಜಾತಿಯವು ಏಳೆಂಟು ವರ್ಷ ಬದುಕುತ್ತವೆ, ನಮ್ಮದು ಬರುವಾಗಲೇ ಪ್ರಾಯಕ್ಕೆ ಬಂದಿತ್ತು. ಅಮ್ಮನಿಗೆ ಎಂಬತ್ತು ಹತ್ತಿರ. ಚಿಮಟ ಹಿಡಿಯುವುದು ನಾನು. ನೀರಿನ ಬಟ್ಟಲು ತುಂಬಿಸುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಬೆಳಗ್ಗೆ ಬೀಗ ತೆಗೆದು, ನಡುಗುವ ಕೈಯಲ್ಲಿ ಉದ್ದ ಕೊಳವೆಯ ಚೆಂಬಿನಿಂದ, ಮೇಲಿನಿಂದಲೇ, ಒಂದು ಹನಿಯೂ ಚೆಲ್ಲದಂತೆ ನೀರು ಬಿಡುತ್ತಾರೆ.