ಅತ್ತಿಯವರ ಮೊಳಕಾಲು, ನಾಲ್ಕ ಓಣಿ ದಾರಿ

ಹೋದ ವರ್ಷ ಮಳಿಗಾಲದಾಗ ನಮ್ಮ ಮನ್ಯಾಗ ಅತ್ತಿ ಸೊಸಿ ಎಂಟ ದಿನ ಮಾತ ಬಿಟ್ಟಿದ್ವಿ. ಆಸ್ತಿ ಮಾತಲ್ಲ, ಬಂಗಾರದ ಮಾತಲ್ಲ, ಸಾರಿಗೆ ಉಪ್ಪ ಹೆಚ್ಚಾದ ಮಾತೂ ಅಲ್ಲ. ಜಗಳ ಆಗಿದ್ದು ಅಡ್ಡಾಡೂದರ ಮ್ಯಾಲ.

ನಮ್ಮ ಅತ್ತಿಯವರಿಗೆ ಈಗ 68. ವಯಸ್ಸಿನಾಗ ಇದ್ದಾಗ ಯುಗಾದಿ ಮುಂದ ಮಲ್ಲಯ್ಯನ ಕಂಬಿ ಜೋಡಿ ಎರಡ ಸಲ ಶ್ರೀಶೈಲಕ್ಕ ನಡಕೋತ ಹೋಗಿ ಬಂದಾವ್ರು. ಅಂಥಾವ್ರಿಗೆ ನಾಕ ವರ್ಷದಿಂದ ಎರಡೂ ಮೊಳಕಾಲ ಬ್ಯಾನಿ. ಕುಂತ್ರ ಏಳಾಕ ಆಗವಲ್ತು, ಎದ್ರ ಕುಂಡ್ರಾಕ ಆಗವಲ್ತು. ಡಾಕ್ಟರ್ ಫೋಟೋ ತಗಿಸಿ ನೋಡಿ, "ಸಂಧಿವಾತ, ಮೊಳಕಾಲ ಸವದಾವು, ದಿನಾ ವಾಕಿಂಗ್ ಮಾಡ್ರಿ" ಅಂದು ಗುಳಿಗಿ ಬರದ ಕೊಟ್ರು. ಹೆಂಗ ಮಾಡಬೇಕು, ಎಷ್ಟ ಮಾಡಬೇಕು, ನೂತ್ರ ಏನ ಮಾಡಬೇಕು, ಅದನ್ನ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಒಂದ ಮಾತು ಹಿಡಕೊಂಡು ನಾ ಸಾಲಿ ಮಾಸ್ತರ ಆಗಿಬಿಟ್ಟೆ. ಮಗ ಪುಣೆದಿಂದ ಹೆಜ್ಜಿ ಎಣಸೂ ಗಡಿಯಾರ ತಂದ ಕೊಟ್ಟಿದ್ದ. ದಿನಕ್ಕ 10,000 ಹೆಜ್ಜಿ ಆಗಬೇಕಂತ. ಮುಂಜಾನೆ ಎದ್ದ ಕೂಡ್ಲೆ "ಅತ್ಯಾ, ಇವತ್ತ ಎಷ್ಟ ಆತ್ರಿ?" ಅನ್ನೂದು, ಸಂಜೀಕ ಮತ್ತ ಅದ. ಒಂದಿನ ಮಳಿ ನಿಂತಿತ್ತು, ಕಾಲೂ ಹಗೂರ ಇದ್ವಂತ. ಅತ್ತಿಯವರು ಹಠಕ್ಕ ಬಿದ್ದು ಹೈವೇ ತನಕ ಹೋಗಿ ಬಂದ್ರು. ಬಂದ ಗಡಿಯಾರ ತೋರಿಸಿದ್ರು, ನಾ ಖುಷಿಲೇ ಚಹಾ ಮಾಡಿ ಕೊಟ್ಟೆ. ಮರದಿನದಿಂದ ಐದ ದಿನ ಹಾಸಗಿ ಬಿಟ್ಟ ಏಳಲಿಲ್ಲ.

ಆರನೇ ದಿನ ನಾ ಮತ್ತ ಶುರು ಹಚಗೊಂಡೆ. "ನೀವ ಮನಸ ಮಾಡವಲ್ರಿ ಅತ್ಯಾ, ಅಂಗಳದಾಗರ ಅಡ್ಡಾಡ್ರಲ್ಲಾ" ಅಂದೆ. ಅವರು ನನ್ನ ಮಾರಿ ನೋಡಿ ಅಂದ್ರು: "ಯವ್ವಾ, ನೋವು ನನ್ನ ಮೊಳಕಾಲಾಗ ಐತಿ, ನಿನ್ನ ಬಾಯಾಗ ಇಲ್ಲ." ಅಷ್ಟ. ಅವತ್ತಿಂದ ಮಾತ ಬಂದ್.

ಆ ಮಾತು ನನಗ ನೆಟ್ಟಬಿಟ್ತು. ಆಮ್ಯಾಲ ತಿಳೀತು, ಈ 10,000 ಲೆಕ್ಕ ಯಾವ ಡಾಕ್ಟರೂ ಮೊಳಕಾಲ ನೋಡಿ ಹೇಳಿದ್ದಲ್ಲ. 1965ರಾಗ ಜಪಾನದಾಗ ಒಂದ ಕಂಪನಿ ಹೆಜ್ಜಿ ಎಣಸೂ ಯಂತ್ರ ಮಾಡಿ ಮಾರಾಕ ತಂತು. ಅದರ ಹೆಸರು 'ಮಾನ್ಪೋ ಕೇ', ಅಂದ್ರ 'ಹತ್ತ ಸಾವಿರ ಹೆಜ್ಜಿ ಮೀಟರ್'. ಆ ಹೆಸರಿನ ಲೆಕ್ಕ ಅಲ್ಲಿಂದ ಜಗತ್ತ ತಿರಗಿ ನಮ್ಮ ಯಮಕನಮರಡಿ ಮನಿ ಪಡಸಾಲಿಗೂ ಬಂದಿತ್ತು.

ಕಡೀಕ ನಮ್ಮನಿಯವರು ಅತ್ತಿಯವರನ್ನ ಬೆಳಗಾವಿಗೆ ಕರಕೊಂಡ ಹೊಂಟ್ರು, ನಾನೂ ಹೋದೆ. ಅಲ್ಲಿ ಫಿಜಿಯೋಥೆರಪಿ ಮಾಡೂ ಬಾಯಾರು ಒಬ್ಬರು. ಮೊಳಕಾಲ ಹಿಚಕಿ ನೋಡೂಕಿಂತ ಮೊದಲ ಒಂದ ಮಾತ ಕೇಳಿದ್ರು: "ಆಯಿ, ನಡಿಯಾಕ ಹೊರಗ ಹ್ವಾದ್ರ ನಿಮಗ ಏನೇನ ಅಂಜಿಕಿ ಆಗತೈತಿ?"

ಅತ್ತಿಯವರು ಮೊದಲ ನನ್ನ ನೋಡಿದ್ರು, ಆಮ್ಯಾಲ ನೆಲಾ ನೋಡಿದ್ರು. ಹಗೂರಕ ಎರಡ ಮಾತ ಹೇಳಿದ್ರು. ಮನಿ ಮುಂದಿನ ಗಟಾರದ ಮ್ಯಾಲಿನ ಕಲ್ಲು ಅಳ್ಳಾಡತೈತಿ, ಬಿದ್ದ ಎಲಬ ಮುರದ್ರ ಹೆಂಗ ಅಂತ ಒಂದು. ಎರಡನೇದ್ದು, ದೂರ ಹ್ವಾದಾಗ ಒಂದಕ್ಕ ಅವಸರ ಆದ್ರ ಎಲ್ಲಿ ಹೋಗೂದು ಅಂತ.

22 ವರ್ಷದಿಂದ ಒಂದ ಮನ್ಯಾಗ ಅದೀನಿ, ನನಗ ಇದು ಗೊತ್ತಿರಲಿಲ್ಲ. ನಾ ಅದನ್ನ ಆಲಸ್ಯ ಅಂದಿದ್ದೆ.

ಬಾಯಾರು ಭಾಳ ಸರಳ ತಿಳಿಸಿ ಹೇಳಿದ್ರು. ಮೊಳಕಾಲಾಗ ಎಲಬಿನ ತುದಿಗೆ ಒಂದ ನುಣ್ಣನ ಪದರ ಇರತೈತಿ. ಅದಕ್ಕ ರಕ್ತದ ನಾಳ ಇರೂದಿಲ್ಲ. ಕೀಲಿನ ಒಳಗಿನ ಲೋಳಿಯಂಥಾ ನೀರ ಅದರ ಊಟ, ಕಾಲ ಆಡಿಸಿದಾಗ ಆ ಊಟ ಅದಕ್ಕ ಮುಟ್ಟತೈತಿ. ಅದಕ್ಕ ಕುಂತಷ್ಟೂ ಹಿಡಕೋತೈತಿ. ಮೂರ ತಿಂಗಳ ದಾಟಿದ ನೋವಿಗೆ ದೀರ್ಘಕಾಲದ ನೋವು ಅಂತಾರ. ಅಂಥಾ ನೋವಿನಾಗ, ನೂಸಿದಾಗೆಲ್ಲಾ ಒಳಗ ಏನರ ಕೆಡಾಕತ್ತೈತಿ ಅಂತ ಅಲ್ಲ. ನಡದ ಮ್ಯಾಲ ಒಂದೀಟ ನೋವ ಏರಿ, ಮರದಿನ ಮುಂಜಾನೆ ತನಕ ಮೊದಲಿನಂಗ ಆದ್ರ ನಡದದ್ದು ಸರಿ. ಮರದಿನಾನೂ ಏರೇ ಇದ್ರ ಹೆಚ್ಚಾತು, ಕಡಿಮಿ ಮಾಡಬೇಕು. ಆದ್ರ ನಿಲ್ಲಿಸಬಾರದು.

ಇನ್ನೊಂದ ಹೇಳಿದ್ರು. ಚಲೋ ಇದ್ದ ದಿನಾ ಹುರುಪಿಲೆ ಹೆಚ್ಚ ನಡಿಬ್ಯಾಡ್ರಿ, ಕೆಟ್ಟ ದಿನಾ ಪೂರಾ ಬಿಡಬ್ಯಾಡ್ರಿ. ಕೆಟ್ಟ ದಿನಾ ಎಷ್ಟ ಆಗತೈತೋ ಅದಕ್ಕಿಂತ ಒಂದೀಟ ಕಡಿಮಿ ಶುರು ಮಾಡ್ರಿ. ಅತ್ತಿಯವರಿಗೆ ಅದು ನಾಕ ನಿಮಿಷ ಬಂತು. ವಾರಕ್ಕ ಒಂದ ನಿಮಿಷ ಏರಿಸೂದು, ಹೆಚ್ಚಂದ್ರ ಎರಡು. ಹೆಚ್ಚ ನೂಸೂದು ಎಡಗಾಲಾದ್ರ ಬಡಗಿ ಬಲಗೈಯಾಗ ಹಿಡಿಬೇಕು. ನಾವು ಉಲ್ಟಾ ಹಿಡಸಿದ್ವಿ. ಹವಾಯಿ ಚಪ್ಪಲ ಬ್ಯಾಡ, ಹಿಂದ ಪಟ್ಟಿ ಇದ್ದದ್ದು ಬೇಕು. ಏಳೂ ಮೊದಲ ಕುಂತಲ್ಲೇ ಒಂದೊಂದ ಕಾಲು ಹತ್ತ ಸಲ ಚಾಚಿ ಮಡಚಬೇಕು.

ಹೊಂಡೂ ಮುಂದ ಬಾಯಾರು ನನಗ ಕೇಳಿದ್ರು: "ಮನ್ಯಾಗ ಆಯಿಗೆ ನೀರು ಚಹಾ ಯಾರ ಕೊಡತೀರಿ?" ನಾನ ಕೊಡತೀನ್ರಿ, ಕುಂತಲ್ಲೇ ಎಲ್ಲಾ ಕೊಡತೀನಿ ಅಂತ ಅಭಿಮಾನಲೇ ಹೇಳಿದೆ. ಅವರು ನಕ್ಕ ಸುಮ್ಮನಾದ್ರು. ಬಸ್ಸಿನಾಗ ಬರೂ ಮುಂದ ತಿಳೀತು. ಒಂದ ಕಡೆ ನಡೀರಿ ನಡೀರಿ ಅಂತ ಬೈಯೂದು, ಇನ್ನೊಂದ ಕಡೆ ನೀರಿನ ತಂಬಿಗಿ ಸೈತ ಕೈಯಾಗ ಕೊಟ್ಟು ಏಳೂದ ತಪ್ಪಿಸೂದು. ಸೇವಾ ಮಾಡತೀನಿ ಅಂತ ಅವರ ಕಾಲ ನಾನ ಕಸಗೊಂಡಿದ್ದೆ.

ಮರದಿನ ನಮ್ಮನಿಯವರು ಗಟಾರದ ಕಲ್ಲ ಎತ್ತಿಸಿ ಸಿಮೆಂಟ ಹಾಕಿ ಕೂಡಿಸಿದ್ರು. ನಾಕ ವರ್ಷ ಉಪದೇಶ ಮಾಡಿದ್ವಿ, ಕಲ್ಲಿಗೆ ಅರ್ಧ ದಿನ ಸಾಕಾತು.

ಇನ್ನ ಹೋಗೂದ ಎಲ್ಲಿಗೆ? ನಾಲ್ಕ ಓಣಿ ಆಚೆ ಅತ್ತಿಯವರ ತಂಗಿ ಮನಿ ಐತಿ. ಸಣ್ಣತ್ತಿಗೆ ಕಣ್ಣ ಮಂಜು, ಒಬ್ಬರ ಬರಾಕ ಆಗೂದಿಲ್ಲ. ಒಂದ ಊರಾಗ ಇದ್ದು ಅಕ್ಕ ತಂಗಿ ಮಾರಿ ನೋಡಿ ಆರ ತಿಂಗಳಾಗಿತ್ತು, ಫೋನಿನಾಗ ಮಾತು. "ವಾಕಿಂಗ್" ಅಂದ್ರ ಏಳದ ಅತ್ತಿಯವರು, "ತಂಗಿ ಮನಿಗೆ ಹೋಗೂಣ್ರಿ" ಅಂದಾಗ ಸೀರಿ ನಿರಗಿ ಸರಿ ಮಾಡ್ಕೊಂಡ್ರು. ಅಲ್ಲಿ ಕುಂಡ್ರಾಕ ಕಟ್ಟಿ ಐತಿ, ಸಂಡಾಸ ಐತಿ, ದಾರಿ ಕಾಯೂ ಜೀವ ಐತಿ.

ಮೊದಲನೇ ವಾರ ಗಿರಣಿ ತನಕ ಹೋಗಿ ಹೊಳ್ಳಿ ಬಂದ್ವಿ, ನಾಕ ನಿಮಿಷ. ಹೋದಷ್ಟ ಬರೂದೂ ಇರತೈತಿ ಅನ್ನೂದು ನೆನಪಿಡಬೇಕು, ಹೈವೇ ದಿನ ಅದ ಮರತಿದ್ವಿ. ಆಮ್ಯಾಲ ಬೇವಿನ ಗಿಡ, ಆಮ್ಯಾಲ ಗುಡಿ ಕಟ್ಟಿ. ಮೊಮ್ಮಗಳು ಕ್ಯಾಲೆಂಡರಿನಾಗ ದಿನಕ್ಕೊಂದ ಗೀಟ ಹಾಕತಿದ್ಲು. ಗಡಿಯಾರ ಕಪಾಟಿಗೆ ಹೋತು. ದೀಪಾವಳಿ ಪಾಡ್ಯದ ದಿನ, ಗುಡಿ ಕಟ್ಟಿ ಮ್ಯಾಲ ಒಂದ ಸಲ ಕುಂತು, ತಂಗಿ ಬಾಗಲಾ ಮುಟ್ಟಿದ್ರು. ಸಣ್ಣತ್ತಿ ಕೈಲೇ ಅಕ್ಕನ ಮಾರಿ ಸವರಿ, "ಬಂದೇನ ಬೇ" ಅಂದ್ರು. ನಾ ಒಳಗ ಹೋಗಿ ಚಹಾಕ ನೀರ ಇಟ್ಟೆ.

ಅಲ್ಲಿಂದ ಮುಂದ ಎಲ್ಲಾ ಸಸಾರ ಆತು ಅಂದ್ರ ಸುಳ್ಳಾಗತೈತಿ. ಚಳಿ ಬಿದ್ದ ಮ್ಯಾಲ ಹದಿನೈದ ದಿನ ಮತ್ತ ಹಿಡಕೊಂಡ್ವು. ನನ್ನ ನಾಲಿಗಿ ತುದಿಗೆ ಹಳೇ ಮಾತ ಬಂದಿತ್ತು, ನುಂಗಿದೆ. "ಇವತ್ತ ಹೆಂಗದಾವ್ರಿ ಅತ್ಯಾ, ಗಿರಣಿ ತನಕನೋ, ಅಂಗಳದಾಗನೋ?" ಅಂತ ಕೇಳಿದೆ. ಅವರು ಅಂಗಳ ಅಂದ್ರ ಅಂಗಳ. ಅದಕ್ಕೂ ಒಂದ ಗೀಟ. ಆಗ ಅತ್ತಿಯವರ ಹೇಳಿದ್ರು, "ಕಂಬಿ ಜೋಡಿ ಹೋಗೂ ಮುಂದ ನಾವೇನ ಒಂದ ದಿನಕ್ಕ ಶ್ರೀಶೈಲ ಮುಟ್ಟತಿದ್ವೇನ? ವಸ್ತಿ ವಸ್ತಿ ಮಾಡಿ ಹೋಗತಿದ್ವಿ." ಪಂಢರಪುರದ ವಾರಿಯವರೂ ಹಂಗ ಅಲ್ಲೇನು? ಆಳಂದಿಯಿಂದ ಸುಮಾರು 250 ಕಿಲೋಮೀಟರ್, ಪಾಲಕಿ ಜೋಡಿ ಮೂರ ವಾರದ ಹತ್ರ ನಡೀತಾರ. ದಿನಾ ತಂಗೂ ಜಾಗಾ ಗೊತ್ತಿರತೈತಿ, ಜೋಡಿಗೆ ಮಂದಿ ಇರತಾರ.

ನಡಾ ನೂಸೂ ಅಕ್ಕಗಳಿಗೂ ಒಂದ ಮಾತು. ಆಸ್ಟ್ರೇಲಿಯಾದಾಗ ನಡ ನೋವು ಬಂದು ಹೋದ 701 ಮಂದಿ ಮ್ಯಾಲ ಒಂದ ಅಭ್ಯಾಸ ಮಾಡ್ಯಾರ, 2024ರಾಗ 'ಲ್ಯಾನ್ಸೆಟ್' ಪತ್ರಿಕೆದಾಗ ಬಂದೈತಿ. ತಿಳುವಳಿಕಿ ಜೋಡಿ ಹಗೂರಕ ನಡಿಗಿ ಏರಿಸಿದವರ ಗುಂಪಿನಾಗ ನೋವು ತಿರಗಿ ಬರಾಕ ನಡುಲೆಕ್ಕದಲ್ಲಿ 208 ದಿನ ಹಿಡೀತು, ಉಳಿದವರಿಗೆ 112. ನೋವ ಪೂರಾ ಹೋತು ಅಂತ ಅಲ್ಲ, ನಡು ಸಮಾಧಾನದ ದಿನ ಹೆಚ್ಚ ಸಿಕ್ಕವು.

ಆದ್ರ ಮೊಳಕಾಲ ಕೆಂಪಾಗಿ ಬಿಸಿ ಆಗಿ ಬಾತಿದ್ರ, ಜ್ವರ ಇದ್ರ, ಕಾಲ ಜೋಮ ಹಿಡದು ಶಕ್ತಿ ಹೋದ್ರ, ಒಂದಕ್ಕ ಎರಡಕ್ಕ ಹತೋಟಿ ತಪ್ಪಿದ್ರ, ನಡಿಯೂ ಮುಂದ ಎದಿ ಹಿಡದ್ರ, ನಡಿಗಿ ಬಿಟ್ಟು ತಡಾ ಮಾಡದ ಡಾಕ್ಟರ್ ಕಡೆ ಹೋಗ್ರಿ.

ಅತ್ತಿಯವರ ಮೊಳಕಾಲ ಇನ್ನೂ ನೂಸತಾವು. ವಾರದಾಗ ಒಂದೆರಡ ದಿನ ಗುಳಿಗಿ ಬೇಕ ಬೇಕು. ಆದ್ರ ನೀರ ಅವರ ಎದ್ದ ಹೋಗಿ ಕುಡೀತಾರ, ಬರೂ ಮುಂದ ನನಗೂ ಒಂದ ತಂಬಿಗಿ ತರತಾರ. ಇವತ್ತ ನಾ ರೊಟ್ಟಿ ಬಡಿಯೂದರಾಗ ಇದ್ದೆ, ತಡಾ ಆತು. ಹೊರಗಿಂದ ಬಡಗಿ ಕುಟ್ಟಿದ ಸಪ್ಪಳ ಕೇಳಿಸ್ತು. "ಬರತೀಯೋ ಇಲ್ಲೋ ಬೇ? ತಂಗಿ ದಾರಿ ಕಾಯತಿರತಾಳು" ಅಂದ್ರು. ಹಿಟ್ಟಿನ ಕೈ ತೊಳಕೊಂಡು ನಾನ ಅವರ ಹಿಂದ ಓಡಿದೆ.